ಡಾಲ್‌ಹೌಸಿಯ ಬಿರುದು ಯಾರ ಪಾಲಾಯಿತು?

ಹೋದ ಸಂಚಿಕೆಯಲ್ಲಿ ಬೇರೆ ಯಾವುದೋ ಪ್ರಶ್ನೆಗೆ ಉತ್ತರ ಬರೆಯುವಾಗ ನಡುವೆ ಒಂದು ಸಾಲು ಸೇರಿಸಿದ್ದೆ. "ದತ್ತು ಮಕ್ಕಳಿಗೆ ಹಕ್ಕಿಲ್ಲ ಎಂದು ನಮ್ಮ ರಾಜರ ರಾಜ್ಯ ನುಂಗಿದ ಡಾಲ್‌ಹೌಸಿಯ ಸ್ವಂತ ಬಿರುದೇ ಗಂಡುಮಗನಿಲ್ಲದೆ ಮುಗಿದುಹೋಯಿತು" ಅಂತ. ಸುಮ್ನೆ ಒಗ್ಗರಣೆಗೆ ಹಾಕಿದ ಸಾಲು ಅದು. ಅದಕ್ಕೇ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಕರಾವಳಿಯಲ್ಲಿ ಕಾರವಾರದಿಂದ ಹೊನ್ನಾವರದವರೆಗೆ, ಘಟ್ಟದ ಮೇಲೆ ಶಿರಸಿ, ಹಳಿಯಾಳದಿಂದಲೂ ಬಂದಿವೆ. ಹಾಗಾಗಿ ಈ ಸಲ ಇದೊಂದೇ ವಿಷಯ. ಅಡಿಕೆ ಕೊಳೆರೋಗದ ಬಗ್ಗೆ ಕೇಳಿದ್ದ ಇಬ್ಬರಿಗೆ ಬೇರೆಯಾಗಿ ಕಾರ್ಡು ಬರೆದಿದ್ದೇನೆ, ಕೊಳೆರೋಗ ಮುಂದಿನ ಸಂಚಿಕೆಗೆ ಕಾಯುವುದಿಲ್ಲವಲ್ಲ.

ಪ್ರಶ್ನೆ: ಡಾಲ್‌ಹೌಸಿಯ ಬಿರುದು ಮುಗಿಯಿತು ಎಂದು ಬರೆದಿದ್ದೀರಿ. ಮೊಮ್ಮಗಳು ಮೊಬೈಲಿನಲ್ಲಿ ಹುಡುಕಿ ತೋರಿಸಿದಳು, 'ಅರ್ಲ್ ಆಫ್ ಡಾಲ್‌ಹೌಸಿ' ಎನ್ನುವವರು ಈ ಕಾಲದಲ್ಲೂ ಇದ್ದಾರೆ. ನಲವತ್ತು ವರ್ಷ ಇತಿಹಾಸ ಪಾಠ ಮಾಡಿದವನು ನಾನು. ತಪ್ಪು ಯಾರದು?
— ನಿವೃತ್ತ ಮೇಷ್ಟ್ರು, ಕೋಡಿಬಾಗ, ಕಾರವಾರ

ಉತ್ತರ: ಮೇಷ್ಟ್ರೇ, ಮೊಮ್ಮಗಳು ಪೂರ್ತಿ ಸರಿ, ನಾನು ಅರ್ಧ ಸರಿ. ಅವನ ಹತ್ತಿರ ಇದ್ದದ್ದು ಒಂದು ಬಿರುದಲ್ಲ. ಕೆಲವು ಮುಗಿದವು, ಒಂದು ಉಳಿಯಿತು. ಯಾವುದು ಮುಗಿಯಿತು, ಯಾವುದು ಉಳಿಯಿತು ಎನ್ನುವುದರಲ್ಲೇ ಮಜಾ ಇರುವುದು.

ಅವನ ಮನೆತನದ ಹೆಸರು ರಾಮ್ಸೆ. ಡಾಲ್‌ಹೌಸಿ ಎನ್ನುವುದು ಎಡಿನ್‌ಬರೋದ ದಕ್ಷಿಣಕ್ಕಿರುವ ಅವರ ಕೋಟೆಮನೆಯ ಹೆಸರು. 1618ರಲ್ಲಿ ಈ ಮನೆಯ ಜಾರ್ಜ್ ರಾಮ್ಸೆ 'ಲಾರ್ಡ್' ಆದ. 1633ರಲ್ಲಿ ಒಂದನೇ ಚಾರ್ಲ್ಸ್ ದೊರೆ ಸ್ಕಾಟ್ಲೆಂಡಿಗೆ ಪಟ್ಟ ಕಟ್ಟಿಸಿಕೊಳ್ಳಲು ಬಂದಾಗ ಜಾರ್ಜನ ಮಗ ವಿಲಿಯಂನನ್ನು ಅರ್ಲ್ ಮಾಡಿದ. ಅಲ್ಲಿಯ ಬಿರುದುಗಳ ಮೆಟ್ಟಿಲು ಮೇಲಿನಿಂದ ಕೆಳಗೆ ಹೀಗಿದೆ: ಡ್ಯೂಕ್, ಮಾರ್ಕ್ವಿಸ್, ಅರ್ಲ್, ವೈಕೌಂಟ್, ಕೊನೆಗೆ ಇಂಗ್ಲೆಂಡಿನಲ್ಲಿ ಬ್ಯಾರನ್, ಸ್ಕಾಟ್ಲೆಂಡಿನಲ್ಲಿ ಲಾರ್ಡ್. ಅಂದರೆ ಅರ್ಲ್ ಸರಿಯಾಗಿ ನಡುವಿನ ಮೆಟ್ಟಿಲು.

ನಮ್ಮ ಪಠ್ಯಪುಸ್ತಕದ ಡಾಲ್‌ಹೌಸಿ, ಜೇಮ್ಸ್ ರಾಮ್ಸೆ, ಆ ಸಾಲಿನ ಹತ್ತನೆಯ ಅರ್ಲ್. ಹುಟ್ಟಿದ್ದು 1812ರಲ್ಲಿ. ಮೂರನೆಯ ಮಗ, ಅವನಿಗೆ ಬಿರುದು ಬರುವ ಲೆಕ್ಕವೇ ಇರಲಿಲ್ಲ. ಇಬ್ಬರು ಅಣ್ಣಂದಿರು ತೀರಿಹೋದರು, ಅಪ್ಪ 1838ರಲ್ಲಿ ಹೋದ, ಬಿರುದು ಇವನ ತಲೆಗೆ ಬಂತು. 1848ರಲ್ಲಿ ಗವರ್ನರ್ ಜನರಲ್ ಆಗಿ ಕಲ್ಕತ್ತಕ್ಕೆ ಬಂದ. ಮರುವರ್ಷ ಪಂಜಾಬನ್ನು ಸೇರಿಸಿಕೊಂಡದ್ದಕ್ಕೆ ರಾಣಿ ವಿಕ್ಟೋರಿಯಾ ಕೊಟ್ಟ ಬಹುಮಾನವೇ ಒಂದು ಮೆಟ್ಟಿಲು ಮೇಲಿನ ಮಾರ್ಕ್ವಿಸ್ ಬಿರುದು. ಆ ಬಿರುದಿನ ಪೂರ್ತಿ ಹೆಸರಿನಲ್ಲಿ ಅವನ ಕೋಟೆಮನೆಯ ಜೊತೆ ಪಂಜಾಬಿನ ಹೆಸರೂ ಇತ್ತು! ಇದಲ್ಲದೆ ಅಪ್ಪನಿಗೆ 1815ರಲ್ಲಿ, ನೆಪೋಲಿಯನ್ ವಿರುದ್ಧದ ಯುದ್ಧದಲ್ಲಿ ದುಡಿದದ್ದಕ್ಕೆ ಸಿಕ್ಕಿದ್ದ ಬ್ಯಾರನ್ ಬಿರುದೂ ಇವನ ಹತ್ತಿರ ಇತ್ತು.

ಈಗ ಗಮನಿಸಿ. ಬಿರುದು ಕೊಡುವಾಗ ದೊರೆ ಒಂದು ಕಾಗದ ಬರೆದುಕೊಡುತ್ತಾನೆ, ಇವನ ನಂತರ ಯಾರಿಗೆ ಎಂದು ಅದರಲ್ಲೇ ಇರುತ್ತದೆ. ಮಾರ್ಕ್ವಿಸ್ ಬಿರುದಿನ ಕಾಗದದಲ್ಲಿ ಇದ್ದದ್ದು ಈ ಜೇಮ್ಸನ ಗಂಡು ಸಂತತಿಗೆ ಅಂತ. ಅವನಿಗೆ ಇದ್ದದ್ದು ಇಬ್ಬರು ಹೆಣ್ಣುಮಕ್ಕಳು, ಸೂಸನ್ ಮತ್ತು ಈಡಿತ್. 1860ರ ಡಿಸೆಂಬರ್ 19ಕ್ಕೆ ಅವನು ಸತ್ತ. ಮಾರ್ಕ್ವಿಸ್ ಬಿರುದು ಹುಟ್ಟಿ ಹನ್ನೊಂದೇ ವರ್ಷಕ್ಕೆ ಅವನ ಜೊತೆಗೇ ಮಣ್ಣಾಯಿತು. ಅಪ್ಪನ ಬ್ಯಾರನ್ ಬಿರುದೂ ಹೋಯಿತು, ಯಾಕೆಂದರೆ ಅಪ್ಪನ ಗಂಡು ಸಂತತಿಯಲ್ಲಿ ಉಳಿದಿದ್ದವನು ಇವನೊಬ್ಬನೇ. ಆದರೆ 1633ರ ಅರ್ಲ್ ಬಿರುದಿನ ಬೇರು ಅದಕ್ಕಿಂತ ಆಳದಲ್ಲಿತ್ತು. ಮೊದಲ ಅರ್ಲ್ ವಿಲಿಯಂನ ಗಂಡು ಸಂತತಿಯಲ್ಲಿ ಎಲ್ಲೋ ಒಬ್ಬ ಬದುಕಿದ್ದರೂ ಅದು ಸಾಯುವುದಿಲ್ಲ. ಬದುಕಿದ್ದವನು ದೂರದವನೇನೂ ಅಲ್ಲ, ಚಿಕ್ಕಪ್ಪನ ಮಗ ಫಾಕ್ಸ್ ಮಾಲ್. ಅವನೇ ಹನ್ನೊಂದನೆಯ ಅರ್ಲ್ ಆದ. ಕ್ರಿಮಿಯಾ ಯುದ್ಧದ ಹೊತ್ತಿನಲ್ಲಿ ಬ್ರಿಟನ್ನಿನ ಯುದ್ಧ ಮಂತ್ರಿಯಾಗಿದ್ದವನು, ಲಾರ್ಡ್ ಪ್ಯಾನ್‌ಮ್ಯೂರ್ ಎಂದು ಆಗ ಹೆಸರು. ಅವನಿಗೂ ಮಕ್ಕಳಿಲ್ಲ. 1874ರಲ್ಲಿ ಅವನು ಸತ್ತಾಗ ಪ್ಯಾನ್‌ಮ್ಯೂರ್ ಬಿರುದು ನಿಂತುಹೋಯಿತು, ಅರ್ಲ್ ಬಿರುದು ಮಾತ್ರ ಮತ್ತೊಬ್ಬ ಚಿಕ್ಕಪ್ಪನ ಮಗ ಜಾರ್ಜ್‌ಗೆ ಹೋಯಿತು. ಅವನು ನೌಕಾಪಡೆಯ ಅಡ್ಮಿರಲ್. ಹೀಗೆ ಎಂಟನೆಯ ಅರ್ಲ್ ಎಂಬ ಒಬ್ಬ ಅಜ್ಜನ ಮೂವರು ಮೊಮ್ಮಕ್ಕಳು ಒಬ್ಬರಾದ ಮೇಲೊಬ್ಬರು ಅರ್ಲ್ ಆದರು. ಈಗ ಇರುವ ಹದಿನೇಳನೆಯ ಅರ್ಲ್ ಈ ಅಡ್ಮಿರಲ್ ಸಾಲಿನವರು. ಅವರ ತಂದೆ, ಹದಿನಾರನೆಯವರು, 1957ರಿಂದ 1963ರವರೆಗೆ ಆಫ್ರಿಕಾದ ರೊಡೇಷಿಯಾ–ನ್ಯಾಸಾಲ್ಯಾಂಡ್ ಒಕ್ಕೂಟಕ್ಕೆ ಗವರ್ನರ್ ಜನರಲ್. ಪರಂಪರೆ ಬಿಟ್ಟಿಲ್ಲ ನೋಡಿ.

ಮೊಮ್ಮಗಳಿಗೆ ಹೇಳಿ, ತಿದ್ದುಪಡಿ ಒಪ್ಪಿಕೊಂಡಿದ್ದೇನೆ.

ಪ್ರಶ್ನೆ: ನಮ್ಮಲ್ಲಿ ಐದು ಜನ ಅಣ್ಣತಮ್ಮಂದಿರಿದ್ದರೆ ತೋಟ, ಸೊಪ್ಪಿನಬೆಟ್ಟ, ಮನೆ ಎಲ್ಲ ಐದು ಹಿಸೆ ಆಗುತ್ತದೆ. ಅಲ್ಲಿ ಎಲ್ಲ ಹಿರಿಯವನಿಗೇ ಹೋದರೆ ಉಳಿದವರು ಏನು ಮಾಡುತ್ತಿದ್ದರು? ಹೆಣ್ಣುಮಕ್ಕಳಿಗೆ ಏನೂ ಇಲ್ಲವೋ?
— ಗೃಹಿಣಿ, ಶಿರಸಿ ಹತ್ತಿರದ ಹಳ್ಳಿ

ಉತ್ತರ: ಅಕ್ಕಾ, ನಮ್ಮ ಮನೆ ಹಿಸೆಯಾದಾಗ ಎಲ್ಲವೂ ಲೆಕ್ಕಕ್ಕೆ ಸಿಕ್ಕಿತ್ತು, ಬಚ್ಚಲಿನ ತಾಮ್ರದ ಹಂಡೆಯೊಂದು ಸಿಕ್ಕಿರಲಿಲ್ಲ. ಅದನ್ನು ತುಂಡು ಮಾಡುವ ಹಾಗಿಲ್ಲ, ಬಿಟ್ಟುಕೊಡುವ ಮನಸ್ಸೂ ಯಾರಿಗಿಲ್ಲ. ಕೊನೆಗೆ ಹಿರಿಯವರಿಗೆ ಹೋಯಿತು, ಉಳಿದವರು ಇವತ್ತಿಗೂ ಅದರ ಬಗ್ಗೆ ಮಾತಾಡುತ್ತಾರೆ. ಬಿರುದು ಎಂದರೆ ಆ ಹಂಡೆ. ಪಾಲಾಗುವುದಿಲ್ಲ, ಮಾರಲಾಗುವುದಿಲ್ಲ, ಉಯಿಲು ಬರೆದು ಇಷ್ಟದವರಿಗೆ ಕೊಡಲೂ ಬರುವುದಿಲ್ಲ. ಆದರೆ ಆಸ್ತಿ ಬೇರೆ. ಆಸ್ತಿ ಬಿರುದಿನ ಹಿಂದೆಯೇ ನಡೆಯಬೇಕೆಂದಿಲ್ಲ. ಕಿರಿಯ ಮಕ್ಕಳು ಸೈನ್ಯಕ್ಕೋ, ಚರ್ಚಿಗೋ, ವಕೀಲಿಕೆಗೋ ಹೋಗುತ್ತಿದ್ದರು. ಇಲ್ಲವಾದರೆ ಕಂಪನಿ ನೌಕರಿ ಹಿಡಿದು ನಮ್ಮ ಕಡೆ ಬರುತ್ತಿದ್ದರು. ಅದೃಷ್ಟ ಇದ್ದರೆ ತಾಯಿಯ ಅಥವಾ ಅಜ್ಜಿಯ ಕಡೆಯ ಆಸ್ತಿ. ಫಾಕ್ಸ್ ಮಾಲ್‌ನ ಅಪ್ಪ ಹಾಗೆಯೇ ರಾಮ್ಸೆ ಹೆಸರಿಗೆ ಮಾಲ್ ಸೇರಿಸಿಕೊಂಡು ಪ್ಯಾನ್‌ಮ್ಯೂರ್ ಜಮೀನು ಪಡೆದದ್ದು.

ಹೆಣ್ಣುಮಕ್ಕಳ ಮಾತು ಕೇಳಿದಿರಲ್ಲ, ಅದಕ್ಕೆ ಡಾಲ್‌ಹೌಸಿಯ ಮನೆಯಲ್ಲೇ ಉತ್ತರವಿದೆ. ಅವನ ತಾಯಿ ಕ್ರಿಸ್ಟಿಯನ್ ಬ್ರೌನ್, ಕೋಲ್ಸ್ಟನ್ ಎಂಬ ಮನೆಯ ವಾರಸುದಾರಳು. ಅದಕ್ಕೇ ಅವನನ್ನು ಬ್ರೌನ್–ರಾಮ್ಸೆ ಎಂದೂ ಬರೆಯುತ್ತಾರೆ. ಅವನು ಸತ್ತಾಗ ಅರ್ಲ್ ಬಿರುದು ಚಿಕ್ಕಪ್ಪನ ಮಗನಿಗೆ ಹೋಯಿತು, ಅಜ್ಜಿಮನೆಯ ಕೋಲ್ಸ್ಟನ್ ಮಾತ್ರ ಹಿರಿ ಮಗಳು ಸೂಸನ್‌ಗೆ ಬಂತು. ಇವಳು ಅಪ್ಪ ಇಲ್ಲಿದ್ದ ಕೊನೆಯ ವರ್ಷಗಳಲ್ಲಿ ಅವನ ಜೊತೆಗಿದ್ದವಳು. ಇವಳ ತಾಯಿ 1853ರಲ್ಲಿ ಊರಿಗೆ ಮರಳುವಾಗ ಹಡಗಿನಲ್ಲೇ ತೀರಿಕೊಂಡಿದ್ದಳು.

ಕೋಲ್ಸ್ಟನ್ ಎಂದ ಮೇಲೆ ಆ ಹಣ್ಣಿನ ಕಥೆ ಹೇಳದಿದ್ದರೆ ಹೇಗೆ? ನಮ್ಮ ಪೇರಲೆ ಅಲ್ಲ, ಪೇಟೆಯಲ್ಲಿ ಸೇಬಿನ ಪಕ್ಕ ಇಡುತ್ತಾರಲ್ಲ, ಆ ಪೇರ್ ಹಣ್ಣು. ಯೆಸ್ಟರ್ ಎಂಬಲ್ಲಿ ಹ್ಯೂಗೋ ಡಿ ಗಿಫರ್ಡ್ ಎಂಬ ಜಮೀನುದಾರನಿದ್ದ, ಮಂತ್ರವಾದಿ ಎಂದೇ ಹೆಸರು. ಮಗಳನ್ನು ಬ್ರೌನ್ ಮನೆಗೆ ಕೊಡುವಾಗ ಬಳುವಳಿಯಾಗಿ ಒಂದು ಪೇರ್ ಹಣ್ಣು ಕೊಟ್ಟನಂತೆ, ಇದು ಹಾಳಾಗದೆ ಇರುವವರೆಗೆ ನಿಮ್ಮ ಮನೆಗೆ ಕೇಡಿಲ್ಲ ಎಂದನಂತೆ. ನೂರಾರು ವರ್ಷ ಕಳೆದ ಮೇಲೆ ಆ ಮನೆಗೆ ಬಂದ ಸೊಸೆಯೊಬ್ಬಳು ಆಸೆ ತಡೆಯದೆ ಒಂದು ಕಡೆ ಕಚ್ಚಿದಳು, ಅಲ್ಲಿಂದ ಕಷ್ಟ ಶುರುವಾಯಿತು ಅಂತ ಕಥೆ. ಕಲ್ಲಿನ ಹಾಗೆ ಒಣಗಿದ ಆ ಹಣ್ಣನ್ನು ಇನ್ನೂ ಪೆಟ್ಟಿಗೆಯಲ್ಲಿ ಜೋಪಾನ ಮಾಡಿದ್ದಾರೆ. ಕಥೆ ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ನನಗೆ ಸೋಜಿಗ ಅನ್ನಿಸಿದ್ದು ಬೇರೆ. ಆ ಯೆಸ್ಟರ್ ಮುಂದೆ ಹೇ ಎಂಬ ಮನೆತನಕ್ಕೆ ಹೋಯಿತು, ಅವರೇ ಟ್ವೀಡೇಲಿನ ಮಾರ್ಕ್ವಿಸರು, ಡಾಲ್‌ಹೌಸಿ ಮದುವೆಯಾದದ್ದು ಅದೇ ಮನೆಯ ಮಗಳನ್ನು. ಅಂದರೆ ಹಣ್ಣು ಬಂದ ಮನೆಯಿಂದಲೇ ಹೆಣ್ಣೂ ಬಂತು. ಅವಳ ಅಪ್ಪ 1842ರಿಂದ 1848ರವರೆಗೆ ಮದ್ರಾಸಿನ ಗವರ್ನರ್. ಆಗ ನಮ್ಮ ಕೆನರಾ ಜಿಲ್ಲೆ ಮದ್ರಾಸಿಗೆ ಸೇರಿತ್ತು, ಉತ್ತರ ಕನ್ನಡ ಮುಂಬೈ ಕಡೆಗೆ ಹೋದದ್ದು 1862ರಲ್ಲಿ. ಡಾಲ್‌ಹೌಸಿಯ ಮಾವನ ಆಳ್ವಿಕೆಯಲ್ಲಿ ನಾವೂ ಇದ್ದೆವು ಅನ್ನಿ.

ಪ್ರಶ್ನೆ: ಡಾಲ್‌ಹೌಸಿಯ ದೇಶದಲ್ಲೂ ದತ್ತು ಮಕ್ಕಳಿಗೆ ಬಿರುದು ಸಿಗುತ್ತಿರಲಿಲ್ಲ ಎಂದು ನಮ್ಮ ಕಾಲೇಜಿನಲ್ಲಿ ಒಬ್ಬರು ಹೇಳಿದರು. ಹಾಗಾದರೆ ಅವನು ತನ್ನ ಮನೆಯ ಕಾನೂನನ್ನೇ ಇಲ್ಲಿಗೂ ತಂದ ಹಾಗಾಯಿತಲ್ಲ? ಅದರಲ್ಲಿ ಮೋಸ ಎಲ್ಲಿ? ಕಿತ್ತೂರಿನಲ್ಲೂ ಅದೇ ತಾನೇ ಆದದ್ದು?
— ಬಿ.ಎ. ವಿದ್ಯಾರ್ಥಿ, ಹಳಿಯಾಳ

ಉತ್ತರ: ಮೊದಲು ಕಿತ್ತೂರು. ನಿಮ್ಮ ಹಳಿಯಾಳಕ್ಕೆ ಹತ್ತಿರದ ಊರು, ಆದ್ದರಿಂದ ಇದು ಸರಿಯಾಗಿ ಗೊತ್ತಿರಲಿ. ಕಿತ್ತೂರಿನ ದತ್ತುಮಗನನ್ನು ಒಪ್ಪದೆ ಕಂಪನಿಯ ಅಧಿಕಾರಿ ಥ್ಯಾಕರೆ ಕೋಟೆಗೆ ಮುತ್ತಿಗೆ ಹಾಕಿ ಸತ್ತದ್ದು 1824ರ ಅಕ್ಟೋಬರ್ 23ರಂದು. ಆಗ ಡಾಲ್‌ಹೌಸಿಗೆ ಹನ್ನೆರಡು ವರ್ಷ, ಶಾಲೆಗೆ ಹೋಗುವ ಹುಡುಗ. ಪರೀಕ್ಷೆಯಲ್ಲಿ ಎಷ್ಟೋ ಜನ ಚೆನ್ನಮ್ಮನ ಎದುರು ಡಾಲ್‌ಹೌಸಿಯನ್ನು ನಿಲ್ಲಿಸಿ ಬರೆಯುತ್ತಾರೆ. ಕಂಪನಿಯ ಆ ಬುದ್ಧಿ ಅವನಿಗಿಂತ ಹಳೆಯದು, ಅವನು ಅದನ್ನು ಹಿಡಿದು ಜಾಸ್ತಿ ಓಡಿಸಿದ ಅಷ್ಟೇ. 1848ರಲ್ಲಿ ಸಾತಾರಾ, ಆಮೇಲೆ ಸಂಬಲ್ಪುರ, 1854ರಲ್ಲಿ ಝಾನ್ಸಿ ಮತ್ತು ನಾಗಪುರ.

ಈಗ ನಿಮ್ಮ ಪ್ರಶ್ನೆ. ಒಳ್ಳೆಯ ಪ್ರಶ್ನೆ, ಆದರೆ ಅರ್ಧಕ್ಕೆ ನಿಂತಿದೆ. ಹೌದು, ಸ್ಕಾಟ್ಲೆಂಡಿನಲ್ಲಿ ಕಾನೂನಿನ ಪ್ರಕಾರ ದತ್ತು ಎನ್ನುವುದೇ 1930ರವರೆಗೆ ಇರಲಿಲ್ಲ. ಈಗಲೂ ದತ್ತು ಬಂದವರಿಗೆ ಇಂಥ ಬಿರುದು ದಾಟುವುದಿಲ್ಲ. ಇಲ್ಲಿಯವರೆಗೆ ನಿಮ್ಮ ಕಾಲೇಜಿನವರು ಹೇಳಿದ್ದು ಸರಿ. ಆದರೆ ಮಗ ಇಲ್ಲದಿದ್ದರೆ ಅಲ್ಲಿ ಮುಂದೆ ಏನಾಗುತ್ತದೆ? ತಮ್ಮನನ್ನು ಹುಡುಕುತ್ತಾರೆ, ತಮ್ಮ ಇಲ್ಲದಿದ್ದರೆ ಚಿಕ್ಕಪ್ಪನ ಮಗ, ಅವನೂ ಇಲ್ಲದಿದ್ದರೆ ಮುತ್ತಜ್ಜನ ತಮ್ಮನ ಮರಿಮಗ, ಎಷ್ಟು ದೂರ ಆದರೂ ಸರಿ, ಮೊದಲ ಅರ್ಲ್‌ನವರೆಗೆ ಹೋಗಿ ಇನ್ನೊಂದು ಕೊಂಬೆ ಹಿಡಿದು ಕೆಳಗಿಳಿಯುತ್ತಾರೆ. 1710ರಲ್ಲಿ ಐದನೆಯ ಅರ್ಲ್ ಮದುವೆಯಾಗದೆ ಸತ್ತಾಗಲೂ ಹೀಗೆಯೇ ಇನ್ನೊಂದು ಕೊಂಬೆಗೆ ಹೋಗಿತ್ತು. ಒಬ್ಬ ದಾಯಾದಿ ಉಳಿದಿದ್ದರೂ ದೊರೆ "ಮಗನಿಲ್ಲ, ಇದು ನನ್ನದು" ಎನ್ನುವ ಹಾಗಿಲ್ಲ.

ಇಲ್ಲಿ ಮಾಡಿದ್ದೇನು? ನಮ್ಮಲ್ಲಿ ಮಗನಿಲ್ಲದ ಮನೆಗೆ ದಾರಿ ತೋರಿಸುವುದೇ ದತ್ತು. ದತ್ತು ತರುವುದೂ ಹೆಚ್ಚಾಗಿ ಅದೇ ಬಳಗದೊಳಗಿನ ಹುಡುಗನನ್ನು. ಝಾನ್ಸಿಯ ಗಂಗಾಧರರಾಯ ಸಾಯುವ ಹಿಂದಿನ ದಿನ ದತ್ತು ತೆಗೆದುಕೊಂಡದ್ದೂ ಬಳಗದ ಹುಡುಗನನ್ನೇ. ಡಾಲ್‌ಹೌಸಿ ಆ ದಾರಿ ಮುಚ್ಚಿದ. ಮುಚ್ಚಿದ ಮೇಲೆ ತನ್ನ ಊರಿನ ಹಾಗೆ "ದಾಯಾದಿ ಯಾರಿದ್ದಾರೆ" ಎಂದಾದರೂ ಕೇಳಬೇಕಿತ್ತಲ್ವಾ? ಕೇಳಲಿಲ್ಲ. ನೇರ ಕಂಪನಿಯ ಖಾತೆಗೆ. ಅಂದರೆ ಮನೆಯ ಕಾನೂನಿನಲ್ಲಿ 'ಇಲ್ಲ' ಎನ್ನುವ ಅರ್ಧವನ್ನು ಮಾತ್ರ ಹಡಗಿಗೆ ಹಾಕಿಕೊಂಡು ಬಂದ, 'ಇವನಿಲ್ಲದಿದ್ದರೆ ಅವನು' ಎನ್ನುವ ಇನ್ನರ್ಧವನ್ನು ಡಾಲ್‌ಹೌಸಿ ಕೋಟೆಯಲ್ಲೇ ಬಿಟ್ಟು ಬಂದ. ಆ ಬಿಟ್ಟು ಬಂದ ಅರ್ಧವೇ 1860ರಲ್ಲಿ ಅವನ ಮನೆಯ ಹೆಸರು ಉಳಿಸಿತು. ನನ್ನ ಪ್ರಕಾರ ಮೋಸ ಇರುವುದು ಅಲ್ಲಿ.

1857ರ ಪೆಟ್ಟು ತಿಂದ ಮೇಲೆ ಬ್ರಿಟಿಷರಿಗೇ ಇದು ಅರ್ಥವಾಯಿತು. ಮುಂದೆ ಕ್ಯಾನಿಂಗ್ ಕಾಲದಲ್ಲಿ ರಾಜರಿಗೆ ದತ್ತು ತೆಗೆದುಕೊಳ್ಳಲು ಸನದು ಕೊಟ್ಟರು. ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು, ಎರಡು ವರ್ಷ ಎಳೆದಾಡಿ ಲಂಡನ್ ಅದನ್ನು ಒಪ್ಪಿತು, 1881ರಲ್ಲಿ ಮೈಸೂರು ಅವರಿಗೆ ಮರಳಿತು. ಆ ಹೊತ್ತಿಗೆ ಡಾಲ್‌ಹೌಸಿ ಹೋಗಿ ಇಪ್ಪತ್ತೊಂದು ವರ್ಷ.

ಪ್ರಶ್ನೆ: ಹೆಂಗಸರಿಗೆ ಬಿರುದೇ ಬರುವುದಿಲ್ಲವೋ? ನಮ್ಮ ಗೇರುಸೊಪ್ಪೆಯಲ್ಲಿ ಚೆನ್ನಭೈರಾದೇವಿ ಅರ್ಧ ಶತಮಾನ ಆಳಿದಳು. ಸ್ಕಾಟ್ಲೆಂಡಿನಲ್ಲಿ ಹಾಗೆ ಯಾರೂ ಇಲ್ಲವೇ?
— ಹೈಸ್ಕೂಲ್ ಶಿಕ್ಷಕಿ, ಹೊನ್ನಾವರ

ಉತ್ತರ: ಬರುತ್ತದೆ ಮೇಡಂ, ಎಲ್ಲದರಲ್ಲೂ ಅಲ್ಲ. ಮತ್ತೆ ಅದೇ ಮಾತು, ಕಾಗದ ಏನು ಹೇಳುತ್ತದೆ ಎನ್ನುವುದು. ಸ್ಕಾಟ್ಲೆಂಡಿನ ಕೆಲವು ಹಳೆಯ ಬಿರುದುಗಳಿಗೆ ಗಂಡೇ ಆಗಬೇಕೆಂದಿಲ್ಲ. ಮಗ ಇಲ್ಲದಿದ್ದರೆ ಹಿರಿ ಮಗಳು. ಇಂಗ್ಲೆಂಡಿನ ಹಳೆಯ ಬ್ಯಾರನ್ ಬಿರುದುಗಳಲ್ಲಿ ಇಬ್ಬರು ಹೆಣ್ಣುಮಕ್ಕಳಿದ್ದರೆ ಇಬ್ಬರಿಗೂ ಸಮ ಹಕ್ಕು, ಹಾಗಾಗಿ ಬಿರುದು ಯಾರಿಗೂ ಸಿಗದೆ ಅಡ್ಡಗೋಡೆಯ ಮೇಲೆ ಕೂರುತ್ತದೆ. ಸ್ಕಾಟ್ಲೆಂಡಿನಲ್ಲಿ ಆ ರಗಳೆ ಇಲ್ಲ, ಹಿರಿಯವಳಿಗೆ ಹೋಯಿತು, ಮುಗಿಯಿತು.

ನಿಮ್ಮ ಗೇರುಸೊಪ್ಪೆಗೆ ಹತ್ತಿರದ ಕಥೆ ಎಂದರೆ ಮಾರ್. ಅಬರ್ಡೀನ್ ಸೀಮೆಯ ಬಹಳ ಹಳೆಯ ಬಿರುದು. 1404ರಲ್ಲಿ ಅದು ಇಸಾಬೆಲ್ ಡಗ್ಲಸ್ ಎಂಬ ವಿಧವೆಯ ಹೆಸರಿನಲ್ಲಿತ್ತು. ಅಲೆಕ್ಸಾಂಡರ್ ಸ್ಟೂವರ್ಟ್ ಎಂಬವನು ದಂಡು ಕಟ್ಟಿಕೊಂಡು ಬಂದು ಅವಳ ಕಿಲ್‌ಡ್ರಮ್ಮಿ ಕೋಟೆ ಹಿಡಿದು, ಆಮೇಲೆ ಅವಳನ್ನೇ ಮದುವೆಯಾದ. ಅವನು ಸತ್ತ ಮೇಲೆ ಎರ್ಸ್ಕಿನ್ ಮನೆಯವರು ಇದು ನಮ್ಮದೆಂದರು, ದೊರೆ ನನ್ನದೆಂದ, ನೂರು ವರ್ಷಕ್ಕೂ ಮೇಲೆ ಬಿರುದು ಎರ್ಸ್ಕಿನ್ನರಿಗೆ ಸಿಗಲಿಲ್ಲ. 1565ರಲ್ಲಿ ರಾಣಿ ಮೇರಿ ಅದನ್ನು ಜಾನ್ ಎರ್ಸ್ಕಿನ್‌ಗೆ ಕೊಟ್ಟಳು. ಹಳೆಯದನ್ನೇ ಮರಳಿಸಿದಳೋ, ಹೊಸದು ಮಾಡಿದಳೋ? ಆಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಮುನ್ನೂರು ವರ್ಷ ಕಳೆದು 1866ರಲ್ಲಿ ಅರ್ಲ್ ಮಕ್ಕಳಿಲ್ಲದೆ ಸತ್ತಾಗ ಗಂಟು ಬಿಚ್ಚಿತು. ಒಂದು ಕಡೆ ಅಕ್ಕತಂಗಿಯ ಮಗ ಗುಡೀವ್. ಇನ್ನೊಂದು ಕಡೆ ಗಂಡು ಸಾಲಿನ ಕೆಲ್ಲಿಯ ಅರ್ಲ್. ನಮ್ಮ ಮಾತಿನಲ್ಲಿ ಹೇಳುವುದಾದರೆ ಅಳಿಯನಿಗೂ ದಾಯಾದಿಗೂ ವ್ಯಾಜ್ಯ! ಚೆನ್ನಭೈರಾದೇವಿಯ ಮನೆತನವಾದ ನಗಿರೆ, ಹಾಡುವಳ್ಳಿಯ ಸಾಳುವರಲ್ಲಿ ಅಳಿಯಸಂತಾನ ಇತ್ತಲ್ಲ, ಅಲ್ಲಾಗಿದ್ದರೆ ಇದು ವ್ಯಾಜ್ಯವೇ ಅಲ್ಲ, ಅಳಿಯ ನೇರ ಪಟ್ಟಕ್ಕೆ.

1565ರಲ್ಲಿ ಬಿರುದು ಕೊಟ್ಟ ಕಾಗದ ಸಿಕ್ಕಿರಲಿಲ್ಲ. 1875ರಲ್ಲಿ ಪಾರ್ಲಿಮೆಂಟಿನ ಮೇಲ್ಮನೆಯಾದ ಲಾರ್ಡ್ಸ್ ಸಭೆಯ ಸಮಿತಿ, ಮೇರಿ ಕೊಟ್ಟದ್ದು ಹೊಸ ಬಿರುದು, ಅದು ಗಂಡು ಸಾಲಿಗೆ ಎಂದು ಕೆಲ್ಲಿಯ ಅರ್ಲ್‌ಗೆ ಕೊಟ್ಟಿತು. ಜನ ಸುಮ್ಮನಿರಲಿಲ್ಲ. ಹತ್ತು ವರ್ಷ ಗಲಾಟೆ. 1885ರಲ್ಲಿ ಪಾರ್ಲಿಮೆಂಟ್ ಒಂದು ಕಾಯ್ದೆಯನ್ನೇ ಮಾಡಿತು: ಹಳೆಯ ಮಾರ್ ಬಿರುದೂ ಬದುಕಿದೆ, ಅದು ಗುಡೀವ್‌ಗೆ, 1565ರದ್ದು ಕೆಲ್ಲಿಯವರ ಹತ್ತಿರವೇ ಇರಲಿ. ಇಬ್ಬರನ್ನೂ ಸಮಾಧಾನ ಮಾಡಿದ ಈ ತೀರ್ಪು ನೋಡಿದರೆ ನಮ್ಮ ಊರ ಹಿಸೆ ಪಂಚಾಯಿತಿಯವರೇ ಹೋಗಿ ಕೂತಿದ್ದರೋ ಅನ್ನಿಸುತ್ತದೆ. ಹೀಗೆ ಇವತ್ತಿಗೂ ಮಾರ್ ಹೆಸರಿನ ಬಿರುದು ಎರಡು.

ಹಳೆಯ ಮಾರ್ 1975ರಲ್ಲಿ ಮಾರ್ಗರೆಟ್ ಎಂಬವರಿಗೆ ಬಂತು, ಲೆಕ್ಕದಲ್ಲಿ 31ನೆಯವರು. ಲಾರ್ಡ್ಸ್ ಸಭೆಯಲ್ಲಿ 2020ರವರೆಗೆ ಕೂತಿದ್ದರು. ಮನೆಯಲ್ಲಿ ಆಡು ಸಾಕಿ ಆಡಿನ ಹಾಲಿನ ಚೀಸ್ ಮಾಡುತ್ತಿದ್ದರು. ಆರು ಶತಮಾನದ ಜಗಳದ ಬಿರುದು ಒಂದು ಕೈಯಲ್ಲಿ, ಹಾಲಿನ ಪಾತ್ರೆ ಇನ್ನೊಂದು ಕೈಯಲ್ಲಿ. ಅವರ ಉತ್ತರಾಧಿಕಾರಿಯೂ ಮಗಳೇ, 'ಮಿಸ್ಟ್ರೆಸ್ ಆಫ್ ಮಾರ್' ಎನ್ನುತ್ತಾರೆ.

ಪ್ರಶ್ನೆ: ವಾರಸುದಾರ ದೂರದೇಶದಲ್ಲಿದ್ದರೆ? ಅವನು ಬರಲೇ ಇಲ್ಲ ಎಂದಾದರೆ ಬಿರುದು ಏನಾಗುತ್ತದೆ? ವಂಶವೃಕ್ಷ ಯಾರು ಪರೀಕ್ಷೆ ಮಾಡುತ್ತಾರೆ?
— ಕುಮಟಾದ ಓದುಗರು, ತಮ್ಮ ಪೌತಿ ಖಾತೆಗಾಗಿ ಎರಡು ವರ್ಷದಿಂದ ಓಡಾಡುತ್ತಿದ್ದಾರಂತೆ

ಉತ್ತರ: ನಿಮ್ಮ ಸಂಕಟ ಅರ್ಥವಾಯಿತು. ಅಲ್ಲಿಯೂ ಹೆಚ್ಚುಕಡಿಮೆ ಪೌತಿ ಖಾತೆಯೇ. ಅಪ್ಪ ಸತ್ತ ಗಳಿಗೆಯಲ್ಲೇ ಬಿರುದು ಮಗನಿಗೆ ಸೇರುತ್ತದೆ ನಿಜ, ಆದರೆ ಸರಕಾರದ ಕಾಗದಗಳಲ್ಲಿ ಆ ಹೆಸರು ಬರಬೇಕಾದರೆ 2004ರಿಂದ ಇರುವ 'ರೋಲ್ ಆಫ್ ದಿ ಪೀರೇಜ್' ಎಂಬ ಪಟ್ಟಿಯಲ್ಲಿ ಸೇರಿರಬೇಕು. ಜನನ ಪತ್ರ, ಮದುವೆ ಪತ್ರ, ಮರಣ ಪತ್ರ ಎಲ್ಲ ಒಪ್ಪಿಸಬೇಕು. ದೂರದ ಸಂಬಂಧವಾದರೆ ತಲೆಮಾರು ತಲೆಮಾರಿಗೂ ಪತ್ರ ಬೇಕು. ಬೇರೆ ಯಾವ ಕೊಂಬೆಯಲ್ಲೂ ಇವನಿಗಿಂತ ಹತ್ತಿರದವರು ಬದುಕಿಲ್ಲ ಎಂದೂ ತೋರಿಸಬೇಕು, ಅದು ಇನ್ನೂ ಕಷ್ಟ. ಸ್ಕಾಟ್ಲೆಂಡಿನಲ್ಲಿ ವಂಶದ ಲಾಂಛನ, ಕುಲದ ಮುಖ್ಯಸ್ಥ ಯಾರು ಎನ್ನುವ ಇಂಥ ವಿಚಾರಗಳಿಗೆ 'ಲಾರ್ಡ್ ಲಯನ್' ಎಂಬ ಅಧಿಕಾರಿ ಬೇರೆ ಇದ್ದಾನೆ, ಅವನಿಗೊಂದು ಕೋರ್ಟೂ ಇದೆ.

ವಾರಸುದಾರ ಬರಲೇಬೇಕೆಂದಿಲ್ಲ. 1996ರಲ್ಲಿ ಅಥೋಲಿನ ಡ್ಯೂಕ್ ಮದುವೆಯಾಗದೆ ತೀರಿಕೊಂಡರು. ಮರ ಹತ್ತಿ ಇಳಿದು ನೋಡಿದರೆ ಬಿರುದು ದಕ್ಷಿಣ ಆಫ್ರಿಕಾದಲ್ಲಿದ್ದ ಒಬ್ಬ ದೂರದ ದಾಯಾದಿಗೆ. ಅವರು ಜಮೀನು ಅಳೆಯುವ ಸರ್ವೇಯರ್. ಡ್ಯೂಕ್ ಆದ ಮೇಲೂ ಅಲ್ಲೇ ಉಳಿದರು. ಬ್ಲೇರ್ ಕೋಟೆಮನೆ ಅವರಿಗೆ ಸಿಗಲೂ ಇಲ್ಲ, ಹಿಂದಿನ ಡ್ಯೂಕ್ ಸಾಯುವ ಮುಂಚೆ ಅದನ್ನು ಒಂದು ಟ್ರಸ್ಟಿಗೆ ಬರೆದುಬಿಟ್ಟಿದ್ದರು. ಆದರೆ ಬಿರುದಿನ ಜೊತೆ ಬಂದದ್ದು ಅಥೋಲ್ ಹೈಲ್ಯಾಂಡರ್ಸ್ ಎಂಬ ಖಾಸಗಿ ಪಡೆ, ರಾಣಿ ವಿಕ್ಟೋರಿಯಾ ಕಾಲದಿಂದ ಅನುಮತಿ ಇರುವಂಥದ್ದು. ವರ್ಷಕ್ಕೊಮ್ಮೆ ಸ್ಕಾಟ್ಲೆಂಡಿಗೆ ಬಂದು ಆ ಪಡೆಯ ವಂದನೆ ಸ್ವೀಕರಿಸಿ ವಾಪಸು ಹೋಗುತ್ತಿದ್ದರು. ನೆಲವಿಲ್ಲದ ಬಿರುದು ನಮಗೂ ಹೊಸದಲ್ಲ. 1760ರ ದಶಕದಲ್ಲಿ ಹೈದರಾಲಿ ಸೋದೆ ಹಿಡಿದಾಗ ಅರಸರು ಗೋವಾಕ್ಕೆ ಹೋಗಿ ಪೋರ್ಚುಗೀಸರ ಆಶ್ರಯದಲ್ಲಿ ಉಳಿದರು. ರಾಜ್ಯ ಘಟ್ಟದ ಈಚೆ ಉಳಿಯಿತು, ಹೆಸರು ಆಚೆ ಹೋಯಿತು.

ಯಾರೂ ಬಂದು ಸಾಬೀತು 
ಮಾಡದಿದ್ದರೆ ಬಿರುದು ಸಾಯುವುದಿಲ್ಲ, ಮಲಗುತ್ತದೆ. ಬ್ರೆಡಾಲ್ಬೇನಿನ ಅರ್ಲ್ ಬಿರುದು 1995ರಿಂದ ಹಾಗೆ ಮಲಗಿದೆ. ನಿಮ್ಮ ಕಡತಕ್ಕೆ ಆ ಗತಿ ಬಾರದಿರಲಿ.

ಪ್ರಶ್ನೆ: ಗೆಳೆಯನೊಬ್ಬ ಆನ್‌ಲೈನಿನಲ್ಲಿ ಸ್ಕಾಟ್ಲೆಂಡಿನ ಒಂದು ಚದರ ಅಡಿ ಜಾಗ ಕೊಂಡು 'ಲಾರ್ಡ್' ಆಗಿದ್ದಾನೆ. ಚೌಕಟ್ಟು ಹಾಕಿಸಿದ ಸರ್ಟಿಫಿಕೇಟ್ ಇದೆ. ನಮ್ಮನ್ನು ಹಾಗೆಯೇ ಕರೆಯಲು ಹೇಳುತ್ತಾನೆ. ಕರೆಯಬೇಕಾ?
— ಅಂಕೋಲಾದ ಯುವಕ

ಉತ್ತರ: ಬೇಡ. ಅಲ್ಲಿ ಜಮೀನಿದ್ದವನನ್ನು ಜನ 'ಲೇರ್ಡ್' ಎನ್ನುತ್ತಾರೆ, ನಮ್ಮಲ್ಲಿ ಗೌಡರೇ, ಹೆಗಡೇರೇ ಅಂದ ಹಾಗೆ. ಅದು ಬಿರುದಲ್ಲ. ಲೇರ್ಡ್ ಎನ್ನುವುದನ್ನು ತಿರುಚಿ ಲಾರ್ಡ್ ಮಾಡಿ ಮಾರುತ್ತಾರೆ. ನೆನಪಿನ ಕಾಣಿಕೆಗೆಂದು ಮಾರುವ ಇಷ್ಟು ಚಿಕ್ಕ ಜಾಗವನ್ನು ಅಲ್ಲಿಯ ಭೂ ನೋಂದಣಿಯಲ್ಲಿ ಕೊಂಡವರ ಹೆಸರಿಗೆ ಮಾಡಿಕೊಡುವುದೂ ಇಲ್ಲ, ಲಾರ್ಡ್ ಲಯನ್ ಇದಕ್ಕೆ ಲಾಂಛನ ಕೊಡುವುದೂ ಇಲ್ಲ. ಅಂದರೆ ಗೆಳೆಯನ ಹತ್ತಿರ ಬಿರುದೂ ಇಲ್ಲ, ಜಾಗವೂ ಇಲ್ಲ, ಚೌಕಟ್ಟು ಇದೆ. ಅದೇ ದುಡ್ಡಿಗೆ ಒಂದು ಬುಟ್ಟಿ ಕರಿ ಈಶಾಡ ಮಾವಿನಹಣ್ಣು ತಂದಿದ್ದರೆ ಊರೆಲ್ಲ ಅವನನ್ನು ತಾನಾಗಿಯೇ ದೊರೆ ಎನ್ನುತ್ತಿತ್ತು.